ಎಡಗಡೆಯ ಪೆಟ್ಟಿಗೆ ಯಾಕೆ ಗುಡುಗಲಿಲ್ಲ

"ಆ ಗರಗಸ ಮೊದಲು ಕೆಳಗಿಡಿ," ಎಂದಳು ಅಕ್ಕ.

ಗರಗಸ ಹಿಡಿದಿದ್ದ ಕಾನ್‌ಸ್ಟೇಬಲ್ ಇನ್ಸ್‌ಪೆಕ್ಟರ್ ಮುಖ ನೋಡಿದ. ಇನ್ಸ್‌ಪೆಕ್ಟರ್ ಅಕ್ಕನ ಮುಖ ನೋಡಿದರು. ಅಕ್ಕ ಯಾರ ಮುಖವನ್ನೂ ನೋಡಲಿಲ್ಲ. ವೇದಿಕೆಯ ಎಡಮೂಲೆಯಲ್ಲಿದ್ದ ಎದೆಯೆತ್ತರದ ಕರಿ ಪೆಟ್ಟಿಗೆಗೆ ಬೆನ್ನು ಕೊಟ್ಟು, ಕೈಕಟ್ಟಿ ನಿಂತುಬಿಟ್ಟಳು. ಕೊಯ್ಯುವುದಾದರೆ ಮೊದಲು ನನ್ನನ್ನು ಕೊಯ್ಯಿರಿ ಎನ್ನುವ ಹಾಗಿತ್ತು ಆ ನಿಲುವು.

"ನೋಡಮ್ಮ, ಇದು ಸಾಕ್ಷಿ. ನಿಮ್ಮನೆ ಸಾಮಾನಲ್ಲ."

"ಸಾಕ್ಷಿ ಅಂತ ಗೊತ್ತಿದ್ದೂ ಗರಗಸ ತಂದ್ರಾ? ಸಾಕ್ಷೀನ ಮಾತಾಡಿಸಿ ಕೇಳ್ತಾರೆ ಸಾರ್, ಕೊಯ್ದು ಕೇಳಲ್ಲ."

ಇನ್ಸ್‌ಪೆಕ್ಟರ್ ಕೆಟ್ಟವರೇನಲ್ಲ. ಆದರೆ ಕೇಸು ಬೇಗ ಮುಗಿದರೆ ಸಾಕು ಎನ್ನುವ ಜಾತಿಯವರು. ಈ ಸಭಾಂಗಣಕ್ಕೆ ಕಛೇರಿಗೆಂದು ಬಂದಿದ್ದ ವಿದುಷಿಯ ಪಿಟೀಲು ಕಳುವಾಗಿತ್ತು, ಎಲ್ಲ ಜಾಲಾಡಿದ ಮೇಲೆ ಅದು ಈ ಪೆಟ್ಟಿಗೆಯ ಹೊಟ್ಟೆಯಲ್ಲಿ ಸಿಕ್ಕಿತ್ತು, ಪೆಟ್ಟಿಗೆ ಕಟ್ಟಿದವನು ಅಕ್ಕನ ತಮ್ಮ. ಅವರ ಮಟ್ಟಿಗೆ ಲೆಕ್ಕ ಮುಗಿದಿತ್ತು. ಒಳಗೆ ಇನ್ನೇನಾದರೂ ಅಡಗಿದೆಯೋ ಎಂದು ಕೊಯ್ದು ನೋಡಿ, ಸಂಜೆ ಹುಡುಗನನ್ನು ಮತ್ತೆ ಕೋರ್ಟಿಗೆ ಹಾಜರುಪಡಿಸಿ, ಅಲ್ಲಿಂದ ಜೈಲಿಗೆ ಸಾಗಿಸುವುದೊಂದು ಬಾಕಿ.

ಹುಡುಗ ಅಲ್ಲೇ ಇದ್ದ. ಸಭಾಂಗಣದ ಮೊದಲ ಸಾಲಿನ ಮೆತ್ತನೆಯ ಕುರ್ಚಿಯಲ್ಲಿ, ಇಬ್ಬರು ಕಾನ್‌ಸ್ಟೇಬಲ್‌ಗಳ ನಡುವೆ, ತನ್ನದೇ ಮೊಣಕಾಲು ನೋಡುತ್ತ ಕೂತಿದ್ದ. ಪೊಲೀಸರ ಎದುರಿಗೆ ಈ ಪೆಟ್ಟಿಗೆಯ ಮುಂದಿನ ಜಾಲರಿ ಬಿಚ್ಚಿ, ಕೆಳಗಿನ ಸ್ಪೀಕರ್ ತೆಗೆದುಕೊಟ್ಟವನು ಅವನೇ. ಆ ಹೊತ್ತಿಗೆ ನಿಂತ ಮಾತು ಇವತ್ತಿಗೂ ಹೊರಟಿರಲಿಲ್ಲ. ಬೈದರೂ ಇಲ್ಲ, ಬೇಡಿಕೊಂಡರೂ ಇಲ್ಲ. ಬಾಯಿಗೆ ಬೀಗ ಹಾಕಿಕೊಂಡವನು ತಪ್ಪಿತಸ್ಥನೇ ಸರಿ ಎಂದು ಊರು ತೀರ್ಮಾನಿಸಿತ್ತು. ಊರಿಗೇನು, ತೀರ್ಮಾನಕ್ಕೆ ಬಾಡಿಗೆ ಕೊಡಬೇಕೇ?

ಅಕ್ಕನಿಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ತಗ್ಗಿನ ಸ್ವರ ಹೊರಡಿಸುವ ಸಬ್‌ವೂಫರ್‌ಗೆ ಅವರ ಮನೆಯಲ್ಲಿ ಗುಡುಗುಪೆಟ್ಟಿಗೆ ಎಂದೇ ಹೆಸರು. ಪೆಟ್ಟಿಗೆಯ ಅಳತೆ, ಒಳಗೆ ನಿಲ್ಲುವ ಗಾಳಿಯ ಲೆಕ್ಕ, ಆ ಗಾಳಿ ಉಸಿರಾಡುವ ಕಂಡಿಯ ಉದ್ದ ಎಲ್ಲ ಅಕ್ಕನದು. ಪ್ಲೈವುಡ್ ಕೊಯ್ದು, ಅಂಟು ಹಚ್ಚಿ, ಮೂಲೆ ಕೂಡಿಸುವುದು ತಮ್ಮನದು. ಅಕ್ಕ ತಮ್ಮ ಕೂಡದೆ ಇರುವ ದಿನ ಬೇಕಾದಷ್ಟಿದ್ದವು, ಅವರ ಪೆಟ್ಟಿಗೆಯ ಮೂಲೆ ಕೂಡದೆ ಇದ್ದ ದಿನ ಇರಲಿಲ್ಲ. ಅಂಥ ಕೈಗೆ ಕಳ್ಳಗೈ ಎಂದರೆ ಅವಳು ಸಹಿಸುವಳೇ?

"ಊಟದ ಹೊತ್ತಿನವರೆಗೆ ಸಮಯ ಕೊಡಿ ಸಾರ್. ಇವನ ಕೈ ಇದರಲ್ಲಿಲ್ಲ ಅಂತ ಈ ಪೆಟ್ಟಿಗೆ ಬಾಯಿಂದಾನೇ ಹೇಳಿಸ್ತೀನಿ. ಹೇಳಿಸಕ್ಕಾಗದೆ ಇದ್ರೆ ಗರಗಸ ನಾನೇ ಹಿಡೀತೀನಿ."

ಇನ್ಸ್‌ಪೆಕ್ಟರ್ ವಾಚು ನೋಡಿಕೊಂಡರು. ಪಕ್ಕದಲ್ಲಿ ಕೂತಿದ್ದ ಪಿಟೀಲು ವಿದುಷಿ, "ಆಗ್ಲಿ ಬಿಡಿ, ಆ ಹುಡುಗಿ ಇಷ್ಟು ಕೇಳ್ತಿದೆ," ಎಂದರು. ನಲವತ್ತು ದಾಟಿದವಳನ್ನು ಹುಡುಗಿ ಎಂದದ್ದು ಅಕ್ಕನಿಗೆ ಅಷ್ಟು ಸಿಟ್ಟಿನಲ್ಲೂ ಹಿತವಾಯಿತು.

"ಸರಿ, ಹೇಳಿಸು ನೋಡೋಣ," ಎಂದರು ಇನ್ಸ್‌ಪೆಕ್ಟರ್.

ಅಕ್ಕ ಮೊದಲು ಹಿಡಿದದ್ದು ಸಭಾಂಗಣದ ಮ್ಯಾನೇಜರನ್ನು. ಬಾಗಿಲುಗಳ ಕೀಲಿಕೈ ಗೊಂಚಲು ಅವರ ಸೊಂಟದಲ್ಲೇ ಇರುತ್ತಿತ್ತು. ಹಾಗಾಗಿ ತಮ್ಮನ ನಂತರ ಅನುಮಾನ ಸುತ್ತುವುದು ತನ್ನನ್ನೇ ಎಂದು ಅವರಿಗೆ ಗೊತ್ತಿತ್ತು. ನಾಲ್ಕು ದಿನದಿಂದ ಎಲ್ಲರಿಗೂ ಕಾಫಿ ತರಿಸಿ ಕೊಡುತ್ತಿದ್ದರು.

"ಸಾರ್, ಪೆಟ್ಟಿಗೆ ತಂದಿಟ್ಟ ದಿನ ಸಂಜೆ ನಾನು ಎಡಗಡೇದು, ಬಲಗಡೇದು ಎರಡನ್ನೂ ಬಾರಿಸಿ ತೋರಿಸಿದ್ದೆ. ಏನಾಯ್ತು ಹೇಳಿ."

"ಏನಾಯ್ತು ಅಂದ್ರೆ..." ಮ್ಯಾನೇಜರ್ ಗೊಂಚಲು ಸವರಿಕೊಂಡರು. "ನನ್ನ ಆಫೀಸಿನ ಗೋಡೆ ಗಡಿಯಾರ ಬಿದ್ದು ಒಡೀತು. ನೀವು ಸರಿ ಮಾಡಿಸಿ ಕೊಡ್ತೀನಿ ಅಂದ್ರಿ, ಇನ್ನೂ ಕೊಟ್ಟಿಲ್ಲ."

"ನಿಮ್ಮ ಆಫೀಸು ಇರೋದು ಎಡಗಡೆ ಗೋಡೆಗೆ ಅಲ್ವಾ? ಗಡಿಯಾರ ಬಿದ್ದಿದ್ದು ಯಾವ ಪೆಟ್ಟಿಗೆ ಗುಡುಗಿದಾಗ?"

"ಎಡಗಡೇದು. ಇದೇ."

"ಮಾರನೇ ದಿನ ಕಾರ್ಯಕ್ರಮ ಮುಗಿದ್ಮೇಲೆ ನನಗೆ ಫೋನ್ ಮಾಡಿ ಏನಂದ್ರಿ?"

"ಎಡಗಡೆ ಪೆಟ್ಟಿಗೆ ಸತ್ತ ಹಾಗಿದೆ, ಒಂದು ದಿನಕ್ಕೇ ಜೀವ ಹೋಯ್ತಲ್ಲಮ್ಮ ನಿಮ್ಮ ಮಾಲಿಗೆ ಅಂತ ಬೈದೆ." ಮ್ಯಾನೇಜರ್ ಇನ್ಸ್‌ಪೆಕ್ಟರ್ ಕಡೆ ತಿರುಗಿದರು. "ಬೈದಿದ್ದು ತಪ್ಪಾ ಸಾರ್?"

"ತಪ್ಪಲ್ಲ ಸಾರ್. ನೀವು ಬೈದಿದ್ದೇ ಒಳ್ಳೇದಾಯ್ತು," ಎಂದಳು ಅಕ್ಕ. ಅವತ್ತು ಆ ಫೋನಿಗೆ ಅವಳು ಎರಡರಷ್ಟು ಬೈದಿದ್ದಳು. ನಿನ್ನೆ ಅಡುಗೆಮನೆಯಲ್ಲಿ ಒಲೆಯ ಮೇಲೆ ಹಾಲಿಟ್ಟುಕೊಂಡು ನಿಂತಾಗ ಆ ಬೈಗುಳ ಮತ್ತೆ ನೆನಪಾಯಿತು. ಹಾಲು ಉಕ್ಕಿ ಒಲೆ ಆರಿದರೂ ಅವಳಿಗೆ ಎಚ್ಚರವಿರಲಿಲ್ಲ. ತನ್ನ ಪೆಟ್ಟಿಗೆ ಒಂದು ದಿನಕ್ಕೆ ಸಾಯುವಂಥದ್ದಲ್ಲ. ಸತ್ತಿದ್ದರೆ ಯಾರೋ ಕೊಂದಿರಬೇಕು.

"ಏನ್ರೀ," ಎಂದು ಸಭಾಂಗಣದ ಹಿಂಬದಿಗೆ ಕೂಗಿದಳು. "ಬಲಗಡೇದು ಮೊದಲು ಹಾಕಿ. ಬರೀ ತಗ್ಗಿನ ಸ್ವರ."

ಹಿಂದಿನ ಸಾಲಿನಲ್ಲಿ ಮಿಕ್ಸರ್ ಮೇಜಿನ ಮುಂದೆ ಕೂತವನು ಅವಳ ಗಂಡ. ಸಭಾಂಗಣದ ಸೌಂಡ್ ನೋಡಿಕೊಳ್ಳುವವನು. ಗಾಯಕರ ಉಸಿರಿನಲ್ಲಿ ನೆಗಡಿ ಇದ್ದರೂ ಹೇಳಬಲ್ಲ ಎಂದು ಕಲಾವಿದರೆಲ್ಲ ಅವನಿಗೆ ಕಿವಿರಾಯ ಎಂದು ಹೆಸರಿಟ್ಟಿದ್ದರು. ಗುಂಡಿ ತಿರುಗಿಸುವುದರಲ್ಲಿ ರಾಯ ನಿಜ. ಕೈಗೆ ಸ್ಕ್ರೂ ಡ್ರೈವರ್ ಕೊಟ್ಟರೆ ಮಾತ್ರ ಹಾವು ಹಿಡಿದವನಂತೆ ಆಡುತ್ತಿದ್ದ. ಈ ಎರಡು ಪೆಟ್ಟಿಗೆಯ ಕೆಲಸವನ್ನು ಹೆಂಡತಿಗೆ ಕೊಡಿಸಿದವನೂ ಅವನೇ. ತಮ್ಮ ಲಾಕಪ್ಪು ಸೇರಿದ ಮೇಲೆ ವಕೀಲರನ್ನು ಹುಡುಕಿದವನೂ ಅವನೇ. ಗಂಡ ಜೊತೆಗಿದ್ದಾನೆ ಎನ್ನುವುದೊಂದು ಅವಳಿಗೆ ದೊಡ್ಡ ಬಲವಾಗಿತ್ತು.

"ಬೇಕೇನೇ ಇದೆಲ್ಲ?" ಎಂದ ಕಿವಿರಾಯ. "ವಕೀಲರು ಸಂಜೆ ಬರ್ತಾರೆ. ಅವರು ನೋಡ್ಕೋತಾರೆ ಬಿಡು."

"ವಕೀಲರು ಕಾನೂನು ನೋಡ್ತಾರೆ ರೀ. ಪೆಟ್ಟಿಗೆ ನೋಡೋಳು ನಾನು. ಹಾಕಿ."

ಬಲಗಡೆಯ ಪೆಟ್ಟಿಗೆ ಗುಡುಗಿತು. ಅದು ಕಿವಿಗೆ ಬಂದದ್ದಕ್ಕಿಂತ ಹೊಟ್ಟೆಗೆ ಬಂದದ್ದು ಹೆಚ್ಚು. ಖಾಲಿ ಕುರ್ಚಿಗಳು ಗಡಗಡ ಎಂದವು. ಇನ್ಸ್‌ಪೆಕ್ಟರ್ ಮುಂದಿದ್ದ ಕಾಫಿ ಲೋಟದಲ್ಲಿ ಅಲೆ ಎದ್ದಿತು. ಅವರು ಲೋಟ ಹಿಡಿದುಕೊಂಡರು, ಆಮೇಲೆ ಟೋಪಿ ಹಿಡಿದುಕೊಂಡರು.

"ಈಗ ಎಡಗಡೇದು. ಅಷ್ಟೇ ವಾಲ್ಯೂಮು. ಒಂದು ಕೂದಲೆಳೆ ಏರಿಸ್ಬೇಡಿ."

ಏನೂ ಆಗಲಿಲ್ಲ. ಕಾಫಿ ನಿಶ್ಚಿಂತೆಯಿಂದ ಇತ್ತು.

"ಆನ್ ಮಾಡಿದ್ದೀರಾ?" ಎಂದರು ಇನ್ಸ್‌ಪೆಕ್ಟರ್.

"ಆನ್ ಇದೆ ಸಾರ್. ಹತ್ತಿರ ಬನ್ನಿ." ಅಕ್ಕ ನಾಲ್ಕು ತಿರುಪು ಬಿಚ್ಚಿ ಮುಂದಿನ ಜಾಲರಿಯನ್ನು ಎತ್ತಿ ಪಕ್ಕಕ್ಕಿಟ್ಟಳು. ಒಳಗೆ ಒಂದರ ಮೇಲೊಂದು ಎರಡು ಸ್ಪೀಕರ್. ಕೆಳಗಿನದರ ಬೋಲ್ಟುಗಳ ಮೇಲೆ ಪೊಲೀಸರ ಅರಗಿನ ಮುದ್ರೆ. ಎರಡೂ ಸ್ಪೀಕರ್‌ಗಳ ನಡುವಿನ ಕಾಗದದ ಕೋನುಗಳು ಹುಚ್ಚೆದ್ದು ಕುಣಿಯುತ್ತಿದ್ದವು. ಸದ್ದು ಮಾತ್ರ ಪಕ್ಕದ ಮನೆಯಲ್ಲಿ ಯಾರೋ ಕೆಮ್ಮಿದಷ್ಟು.

ಇನ್ಸ್‌ಪೆಕ್ಟರ್ ಬಗ್ಗಿ ನೋಡಿದರು. ಮೊದಲ ಸಲ ಅವರ ಮುಖದಲ್ಲಿ ಕುತೂಹಲ ಕಂಡಿತು. "ಇದೇನಮ್ಮ, ಮೇಲಿನದು ಉಲ್ಟಾ ಕೂತಿದೆ? ಬೆನ್ನು ಹೊರಗಿದೆ. ನಾನು ಅದನ್ನ ಬಿಚ್ಚಕ್ಕೇ ಬರಲ್ಲ ಅಂದ್ಕೊಂಡಿದ್ದೆ."

"ಬಿಚ್ಚಕ್ಕೆ ಬರುತ್ತೆ. ಬೇಕಂತಲೇ ಉಲ್ಟಾ ಕೂರಿಸಿರೋದು. ಒಂದರ ಮುಖ ಹೊರಗೆ, ಒಂದರ ಬೆನ್ನು ಹೊರಗೆ ಇದ್ರೆ ಒಂದರ ಸೊಟ್ಟನ್ನ ಇನ್ನೊಂದು ತಿದ್ದುತ್ತೆ, ಸದ್ದು ಶುದ್ಧ ಬರುತ್ತೆ. ದೋಣೀಲಿ ಇಬ್ಬರು ಎದುರುಬದುರು ಕೂತು ಹುಟ್ಟು ಹಾಕ್ತಾರೆ ಅಂದ್ಕೊಳ್ಳಿ. ದೋಣಿ ಮುಂದಕ್ಕೆ ಹೋಗ್ಬೇಕಾದ್ರೆ ಒಬ್ಬ ಎಳೀಬೇಕು, ಇನ್ನೊಬ್ಬ ತಳ್ಳಬೇಕು. ಇಬ್ಬರೂ ಎಳೆದ್ರೆ?"

"ದೋಣಿ ಅಲ್ಲೇ ಇರುತ್ತೆ."

"ಅದಕ್ಕೇ ನಮ್ಮನೆ ಪೆಟ್ಟಿಗೇಲಿ ಮೇಲಿನ ಸ್ಪೀಕರ್‌ಗೆ ವೈರು ಅದಲುಬದಲು. ಕೆಂಪು ವೈರು ಕಪ್ಪು ಮೊಳೆಗೆ, ಕಪ್ಪು ವೈರು ಕೆಂಪು ಮೊಳೆಗೆ. ನೋಡೋರಿಗೆ ತಪ್ಪು ಅನ್ಸುತ್ತೆ. ಅದೇ ಸರಿ." ಅಕ್ಕ ಹಿಂದಕ್ಕೆ ಸರಿದು ದಾರಿ ಬಿಟ್ಟಳು. "ಈಗ ಹೇಗಿದೆ ನೀವೇ ನೋಡಿ ಹೇಳಿ."

ಇನ್ಸ್‌ಪೆಕ್ಟರ್ ಮೂಗು ತಾಗುವಷ್ಟು ಹತ್ತಿರ ಹೋದರು. "ಕೆಂಪು ಕೆಂಪಿಗಿದೆ."

"ಬಲಗಡೆ ಪೆಟ್ಟಿಗೇದೂ ನೋಡ್ಕೊಂಡು ಬನ್ನಿ."

ಅದರ ಜಾಲರಿಯನ್ನು ಕಾನ್‌ಸ್ಟೇಬಲ್ ಬಿಚ್ಚಿದ. ಅಲ್ಲಿ ಕೆಂಪು ಕಪ್ಪಿಗಿತ್ತು.

ಕಿವಿರಾಯ ಸದ್ದು ನಿಲ್ಲಿಸಿದ. ಅಕ್ಕನಿಗೆ ಎದೆ ತುಂಬಿ ಬಂತು. ತಮ್ಮನ ಕಡೆ ನೋಡಿದಳು, ಈಗಲಾದರೂ ಮುಖ ಎತ್ತುತ್ತಾನೇನೋ ಎಂದು. ಅವನು ಎತ್ತಲಿಲ್ಲ. ತಲೆ ಇನ್ನಷ್ಟು ತಗ್ಗಿಸಿದ.

"ಅವಸರದಲ್ಲಿ ಇವನೇ ತಪ್ಪು ಮಾಡಿರಬಹುದಲ್ಲ?" ಇನ್ಸ್‌ಪೆಕ್ಟರ್ ಸುಲಭಕ್ಕೆ ಬಿಡುವವರಲ್ಲ.

"ಮಾಡಿದ್ರೆ ಆ ಸಂಜೆ ಮ್ಯಾನೇಜರ್ ಗಡಿಯಾರ ಯಾಕೆ ಬೀಳ್ತಿತ್ತು? ಆ ಸಂಜೆ ವೈರು ಸರಿಯಿತ್ತು. ಮಾರನೇ ದಿನಕ್ಕೆ ಬದಲಾಗಿತ್ತು. ಅಂದ್ರೆ ರಾತ್ರಿಯಿಂದ ಮಾರನೇ ದಿನದ ಕಾರ್ಯಕ್ರಮದ ನಡುವೆ ಯಾರೋ ಈ ಮೇಲಿನ ಸ್ಪೀಕರ್ ಬಿಚ್ಚಿದ್ದಾರೆ, ಪಿಟೀಲು ಒಳಗಿಟ್ಟಿದ್ದಾರೆ, ತಿರುಗಿ ಕೂರಿಸೋವಾಗ ಜಗತ್ತಿಗೆಲ್ಲ ಸರಿಯಾಗಿರೋ ಥರ ಕೆಂಪಿಗೆ ಕೆಂಪು ಕೊಟ್ಟಿದ್ದಾರೆ. ನನ್ನ ತಮ್ಮ ನಿದ್ದೇಲಿ ಕಟ್ಟಿದ್ರೂ ಹಾಗೆ ಕಟ್ಟಲ್ಲ. ಅಲ್ದೆ ಅವನು ಊರಲ್ಲೇ ಇರಲಿಲ್ಲ. ಆ ಸಂಜೆ ಇಲ್ಲಿಂದ ನೇರ ಲಾರಿ ಹತ್ತಿ ಬೇರೆ ಊರಿನ ಕೆಲಸಕ್ಕೆ ಹೋದ. ನೀವೇ ಅಲ್ವಾ ಅವನನ್ನ ಅಲ್ಲಿಂದ ಹಿಡ್ಕೊಂಡು ಬಂದಿದ್ದು?"

ಇನ್ಸ್‌ಪೆಕ್ಟರ್ ಟೋಪಿ ತೆಗೆದು ತಲೆ ಕೆರೆದುಕೊಂಡರು. ವಿದುಷಿ ಮೆಲ್ಲಗೆ ಚಪ್ಪಾಳೆ ತಟ್ಟಿದರು. ವೇದಿಕೆಯ ಮೇಲಿನ ಅಭ್ಯಾಸ, ಕೈ ತಾನಾಗಿ ಬಂತು.

"ಸರಿ, ಇವನಲ್ಲ ಅಂತಿಟ್ಕೊಳ್ಳೋಣ. ಹಾಗಾದ್ರೆ ಯಾರು?" ಇನ್ಸ್‌ಪೆಕ್ಟರ್ ಮ್ಯಾನೇಜರ್ ಕಡೆ ತಿರುಗಿದರು. "ಇವರಾ?"

"ನಾನಾ?" ಮ್ಯಾನೇಜರ್ ಗೊಂಚಲು ಬಿಟ್ಟು ಹೆಗಲು ಮುಟ್ಟಿಕೊಂಡರು. "ನನಗೆ ಬಲ್ಬ್ ಹಾಕಕ್ಕೂ ಬರಲ್ಲ ಸಾರ್!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಎನ್ನುತ್ತಾರೆ. ಆದರೆ ಮ್ಯಾನೇಜರ್ ಹೇಳಿದ್ದೂ ನಿಜ. ಆ ಸಭಾಂಗಣದಲ್ಲಿ ಬಲ್ಬು ಹೋದರೆ, ಸ್ವಿಚ್ಚು ಸಡಿಲಾದರೆ ಕರೆಸುತ್ತಿದ್ದದ್ದು ಅಕ್ಕ ತಮ್ಮನ ಅಪ್ಪನನ್ನು.

ಅಪ್ಪ ಮೂರನೇ ಸಾಲಿನ ಅಂಚಿನಲ್ಲಿ ಕೂತಿದ್ದರು. ಕರೆಂಟ್ ಆಫೀಸಿನಲ್ಲಿ ಲೈನ್‌ಮ್ಯಾನ್ ಆಗಿ ಸೇರಿ ಕಂಬ ಹತ್ತುತ್ತಲೇ ಕೂದಲು ನರೆಸಿಕೊಂಡವರು. ಮಗನ ಕೇಸಿಗೆಂದು ಬಂದವರು, ಬರುವಾಗಲೇ ಬಾಗಿಲ ಪಕ್ಕದ ಸ್ವಿಚ್ಚು ಅಲ್ಲಾಡುತ್ತಿದ್ದುದನ್ನು ಕಂಡು, ಜೇಬಿನ ಸ್ಕ್ರೂ ಡ್ರೈವರ್ ತೆಗೆದು ಬಿಗಿ ಮಾಡಿದ್ದರು. ಬಿಗಿ ಮಾಡಿ ಸುಮ್ಮನಾಗುವವರೇ? ಇನ್ನೊಂದು ಜೇಬಿನಿಂದ ಉಗುರುಬಣ್ಣದ ಪುಟ್ಟ ಬಾಟಲಿ ತೆಗೆದು ಸ್ಕ್ರೂ ತಲೆಗೆ ಒಂದು ಗುಲಾಬಿ ಚುಕ್ಕೆ ಇಟ್ಟಿದ್ದರು. ಅದು ಅಮ್ಮನ ಕನ್ನಡಿ ಮುಂದಿದ್ದ ಬಾಟಲಿ. ಅಮ್ಮ ಹೋದ ಮೇಲೆ ಅಪ್ಪನ ಜೇಬು ಸೇರಿತ್ತು. ಚುಕ್ಕೆ ಒಡೆಯದೆ ಇದ್ದರೆ ನಾನು ಮುಟ್ಟಿದ ಮೇಲೆ ಬೇರೆ ಯಾರೂ ಮುಟ್ಟಿಲ್ಲ ಅಂತ ಅರ್ಥ ಎನ್ನುತ್ತಿದ್ದರು. ಮನೆಯ ಫ್ಯಾನಿನಿಂದ ಇಸ್ತ್ರಿಪೆಟ್ಟಿಗೆಯವರೆಗೆ ಎಲ್ಲಕ್ಕೂ ಆ ಗುಲಾಬಿ ಬೊಟ್ಟು. ಪೊಲೀಸ್ ಜೀಪಿಗೂ ಒಂದು ಇಟ್ಟುಬಿಡಿ ಎಂದು ಮ್ಯಾನೇಜರ್ ಬೆಳಿಗ್ಗೆ ತಮಾಷೆ ಮಾಡಿದ್ದರು. ಅಪ್ಪ ನಕ್ಕಿರಲಿಲ್ಲ.

"ಯಾರು ಅಂತ ನೀವು ಹುಡುಕಿ ಸಾರ್, ಅದು ನಿಮ್ಮ ಕೆಲಸ," ಎಂದಳು ಅಕ್ಕ. ಗೆಲುವಿನ ಅಮಲು ತಲೆಗೇರಿತ್ತು. ದಿನಗಟ್ಟಲೆ ನುಂಗಿಕೊಂಡ ಮಾತೆಲ್ಲ ನಾಲಗೆಗೆ ಬಂದವು. "ಆದ್ರೆ ಒಂದು ಮಾತು ಕೇಳಿ, ಎಲ್ಲಾರೂ ಕೇಳಿ. ನನ್ನ ತಮ್ಮನ್ನ ಕಳ್ಳ ಅಂತ ಕೂರಿಸಿದ್ರಲ್ಲ, ಅದು ನನ್ನ ಹೊಟ್ಟೇಲಿ ಇನ್ನೂ ಉರೀತಿದೆ. ಅಡಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ. ಈ ಕೆಂಪು ವೈರು ಕಟ್ಟಿದ ಕೈ ಯಾವುದೋ ಅದಕ್ಕೆ ಕೋಳ ಹಾಕಿ. ದೊಡ್ಡವರದ್ದಾಗಿರ್ಲಿ, ಚಿಕ್ಕವರದ್ದಾಗಿರ್ಲಿ, ನನ್ನ ಮನೆಯವರದ್ದೇ ಆಗಿರ್ಲಿ. ನಾನು ಅಡ್ಡ ಬಂದ್ರೆ ಕೇಳಿ."

"ಬರ್ಕೊಳ್ಳಯ್ಯ," ಎಂದರು ಇನ್ಸ್‌ಪೆಕ್ಟರ್ ಕಾನ್‌ಸ್ಟೇಬಲ್‌ಗೆ. "ಮೇಲಿನ ಸ್ಪೀಕರ್, ವೈರು ಬದಲಾಗಿದೆ. ಜೋಡಣೆ ಹೇಗಿದೆ ಅಂತ ಸ್ವಲ್ಪ ಹೇಳಮ್ಮ, ಬರಕೊಳ್ಳಲಿ."

ಅಕ್ಕ ಟಾರ್ಚು ಹಾಕಿ ಬಗ್ಗಿದಳು. ಇಷ್ಟು ಹೊತ್ತು ಅವಳು ನೋಡಿದ್ದು ಬಣ್ಣವನ್ನು ಮಾತ್ರ. ಈಗ ಜೋಡಣೆ ನೋಡಿದಳು. ತಮ್ಮ ಯಾವಾಗಲೂ ಹಿತ್ತಾಳೆ ಕ್ಲಿಪ್ಪು ಸಿಕ್ಕಿಸುತ್ತಿದ್ದ. ಇಲ್ಲಿ ಕ್ಲಿಪ್ಪು ಕಿತ್ತುಹೋಗಿತ್ತು. ಯಾರೋ ತಿಳಿಯದವರು ಜೋರಾಗಿ ಎಳೆದಿರಬೇಕು. ಅದರ ಜಾಗದಲ್ಲಿ ವೈರನ್ನು ಹೊಸೆದು, ಮೊಳೆಗೆ ಸುತ್ತಿ, ಬೆಸುಗೆ ಹಾಕಲಾಗಿತ್ತು. ಬೆಸುಗೆ ಹನಿಯಷ್ಟು ಹೆಚ್ಚಿಲ್ಲ, ಹನಿಯಷ್ಟು ಕಡಿಮೆಯಿಲ್ಲ. ಪಳಗಿದ ಕೈ. ಇಂಥ ಬೆಸುಗೆಯನ್ನು ಎಲ್ಲೋ ನೋಡಿದ್ದೇನಲ್ಲ ಎಂದುಕೊಳ್ಳುತ್ತಲೇ ಟಾರ್ಚನ್ನು ಸ್ವಲ್ಪ ಓರೆ ಮಾಡಿದಳು.

ಬೆಸುಗೆಯ ನೆತ್ತಿಯ ಮೇಲೆ ಒಂದು ಗುಲಾಬಿ ಚುಕ್ಕೆ.

ಪೊಲೀಸರ ಮುಂದೆ ಜಾಲರಿ ಬಿಚ್ಚಿದ ತಮ್ಮನ ಕಣ್ಣಿಗೆ ಮೊದಲು ಬಿದ್ದದ್ದು ಇದೇ ಇರಬೇಕು. ಅದಕ್ಕೇ ಅವನ ಬಾಯಿ ಮುಚ್ಚಿತ್ತು. ಅವನು ತನ್ನನ್ನು ಉಳಿಸಿಕೊಳ್ಳಲು ಒಂದು ಮಾತು ಆಡಿದರೂ ಸಾಕು, ಅದು ಅಪ್ಪನ ಕೊರಳಿಗೆ ಬೀಳುತ್ತಿತ್ತು. ಅವನು ಇಷ್ಟು ದಿನ ಹಲ್ಲು ಕಚ್ಚಿ ಮುಚ್ಚಿಟ್ಟದ್ದನ್ನು ಅಕ್ಕ ಎಲ್ಲರನ್ನೂ ಕೂರಿಸಿಕೊಂಡು, ಟಾರ್ಚು ಹಾಕಿ ತೆಗೆದಿದ್ದಳು.

ಅತ್ತ ದರಿ, ಇತ್ತ ಪುಲಿ. ಚುಕ್ಕೆ ಸಾಸಿವೆ ಗಾತ್ರದ್ದು. ಹೆಬ್ಬೆರಳಿನ ಉಗುರಿನಿಂದ ಒಮ್ಮೆ ಕೆರೆದರೆ ಉದುರಿಹೋಗುತ್ತಿತ್ತು. ತಮ್ಮ ಹೇಗೂ ಬಿಡುಗಡೆಯಾಗುತ್ತಾನೆ. ಅಪ್ಪನ ಹೆಸರು ಯಾರಿಗೂ ಹೊಳೆಯುವುದಿಲ್ಲ. ಅವಳ ಬೆನ್ನು ಇನ್ಸ್‌ಪೆಕ್ಟರ್ ಕಣ್ಣಿಗೆ ಅಡ್ಡವಾಗಿತ್ತು. ಹೆಬ್ಬೆರಳು ಬೆಸುಗೆಯವರೆಗೆ ಹೋಯಿತು.

"ಏನಮ್ಮ, ಏನಿದೆ?" ಎಂದರು ಇನ್ಸ್‌ಪೆಕ್ಟರ್.

"ಕೆರೀಬೇಡ ಮಗಳೇ," ಎಂಬ ದನಿ ಮೂರನೇ ಸಾಲಿನಿಂದ ಬಂತು. "ಆ ಚುಕ್ಕೆ ನಂದೇ."

ಅಪ್ಪ ಎದ್ದು ನಿಂತಿದ್ದರು. ಮುಂದಿನ ಕುರ್ಚಿಯ ಬೆನ್ನಿಗೆ ಕೈಯೂರಿದ್ದರು. ಗದ್ದ ಮಾತ್ರ ಮೇಲಕ್ಕೇ ಇತ್ತು. ಅಕ್ಕನಿಗೆ ಆ ಹಟದ ಗದ್ದ ಎಲ್ಲಿಂದ ಬಂತೆಂದು ಯಾರೂ ಕೇಳಬೇಕಿರಲಿಲ್ಲ.

"ಬೆಸುಗೆ ಹಾಕಿದ್ದು ನಾನು ಸಾರ್. ಕೆಂಪಿಗೆ ಕೆಂಪು ಕೊಟ್ಟಿದ್ದೂ ನಾನೇ. ಕೆಂಪು ವೈರಿನ ಹಳೇ ಕ್ಲಿಪ್ಪಿನ ಚೂರು ಕಪ್ಪು ಮೊಳೇಲಿತ್ತು, ಮಕ್ಕಳು ತಪ್ಪು ಕೊಟ್ಟಿದ್ದಾರೆ ಅಂದ್ಕೊಂಡು ತಿದ್ದಿದೆ. ಇಷ್ಟು ವರ್ಷ ಕಂಬದ ಮೇಲೆ ಕಳೆದೋನು, ತಪ್ಪು ವೈರು ಕಂಡ್ರೆ ಕೈ ಸುಮ್ನಿರಲ್ಲ." ಅವರು ಮಗಳ ಕಡೆ ನೋಡಿದರು. "ತಪ್ಪು ನಿಮ್ಮದಲ್ಲ, ನಂದು ಅಂತ ಈಗ ಗೊತ್ತಾಯ್ತು ಕಣಮ್ಮ."

"ಪಿಟೀಲು?" ಇನ್ಸ್‌ಪೆಕ್ಟರ್ ದನಿ ತಣ್ಣಗಿತ್ತು.

"ಪಿಟೀಲು ನಾನು ಕಾಣೆ. ನಾನು ಬಂದಾಗ ಸ್ಪೀಕರ್ ಆಗಲೇ ಬಿಚ್ಚಿ ನೆಲದ ಮೇಲಿತ್ತು, ವೈರು ಕಿತ್ತು ನೇತಾಡ್ತಿತ್ತು. ಒಳಗೆ ಬರೀ ಹತ್ತಿ ಕಂಡಿತು. ಸ್ಪೀಕರ್ ಹಾಡ್ತಿಲ್ಲ, ಬೇಗ ಸರಿ ಮಾಡ್ಕೊಡಿ ಅಂದ್ರು. ಮಾಡ್ಕೊಟ್ಟೆ."

"ಯಾರು ಅಂದಿದ್ದು? ಕರೆಸಿದ್ದು ಯಾರು ನಿಮ್ಮನ್ನ?"

ಅಪ್ಪ ಬಾಯಿ ತೆರೆದರು.

"ಅಪ್ಪಾ, ಬೇಡ!"

ಎಲ್ಲರೂ ಬೆಚ್ಚಿದರು. ಕೂಗಿದವನು ತಮ್ಮ. ಕಾನ್‌ಸ್ಟೇಬಲ್‌ಗಳ ನಡುವಿನಿಂದ ಎದ್ದು ನಿಂತಿದ್ದ. ದಿನಗಟ್ಟಲೆ ಸುಮ್ಮನಿದ್ದ ಗಂಟಲು ಒಡೆದು ಹೋಗಿತ್ತು. "ಹೇಳ್ಬೇಡಿ ಅಪ್ಪಾ. ಸ್ಪೀಕರ್ ಕೆಲಸಕ್ಕೆ ನಿಮ್ಮನ್ನ ಕರೆಸೋದು ಯಾರು ಅಂತ ನನಗೂ ಗೊತ್ತು. ನಾನೇ ಜೈಲಿಗೆ ಹೋಗ್ತೀನಿ, ನನಗೇನಾಗಲ್ಲ. ಅಕ್ಕನ ಎದುರಿಗೆ ಮಾತ್ರ ಬೇಡ."

ಅಕ್ಕನ ಕೈಯಲ್ಲಿ ಟಾರ್ಚು ಇನ್ನೂ ಉರಿಯುತ್ತಿತ್ತು. ಅವಳ ಎದುರಿಗೆ ಬೇಡವಾದ ಹೆಸರು ಯಾವುದು? ಅಪ್ಪ ಯಾರ ಮುಖಕ್ಕೆ ಅಂಜಿ ಹೆತ್ತ ಮಗನನ್ನು ಲಾಕಪ್ಪಿನಲ್ಲಿ ಬಿಟ್ಟರು? ತಗ್ಗಿನ ಸ್ವರ ಬಾರದ ಹಾಗೆ ಸತ್ತ ಪೆಟ್ಟಿಗೆಯನ್ನು ಮ್ಯಾನೇಜರಂಥ ಮ್ಯಾನೇಜರೇ ಗುರುತಿಸಿದ್ದರು. ಅವತ್ತು ಈ ಸಭಾಂಗಣದಲ್ಲಿ ಅದಕ್ಕಿಂತ ಒಳ್ಳೆಯ ಕಿವಿಯೊಂದಿತ್ತು. ಆ ಕಿವಿ ಮನೆಗೆ ಬಂದು ಊಟ ಮಾಡಿ ಮಲಗಿತ್ತು, ಒಂದು ಮಾತು ಹೇಳಿರಲಿಲ್ಲ.

ಪೆಟ್ಟಿಗೆಯ ಮೇಲೆ ಕೈಯೂರಿದಳು. ಆದರೂ ಹಿಂದಕ್ಕೆ ತಿರುಗಲಿಲ್ಲ, ದನಿಯನ್ನೂ ತಗ್ಗಿಸಲಿಲ್ಲ.

"ಹೇಳಿ ಅಪ್ಪಾ. ನನ್ನ ಎದುರಿಗೇ ಹೇಳಿ. ಕೋಳ ಹಾಕಿ ಅಂದೋಳು ನಾನೇ."

ಅವಳ ಬೆನ್ನ ಹಿಂದೆ, ಮಿಕ್ಸರ್ ಮೇಜಿನ ಕಡೆಯಿಂದ, ಕುರ್ಚಿ ಸರಿದ ಸದ್ದು ಕೇಳಿಸಿತು.